ನಾನು ಬರೆಯುತ್ತೇವೆ

ಪತ್ರಿಕೆಯ ಡೆಸ್ಕಿನಲ್ಲಿದ್ದಾಗ ಯಾರ ಸುದ್ದಿಯನ್ನೂ ಕತ್ತರಿಸದೆ ಬಿಟ್ಟವಳಲ್ಲ ಎಂಬ ಕಾರಣಕ್ಕೆ ಅವಳಿಗೆ ಕತ್ತರಿಯಕ್ಕ ಎಂಬ ಹೆಸರು ಅಂಟಿಕೊಂಡಿತ್ತು. ಪತ್ರಿಕೆ ಬಿಟ್ಟ ಮೇಲೂ ಹೆಸರು ಬಿಡಲಿಲ್ಲ. ಗಂಡನ ಜೊತೆ ಸೇರಿ ಮನೆಯಿಂದಲೇ ಫ್ರೀಲಾನ್ಸ್ ಕೆಲಸ ಶುರು ಮಾಡಿದ್ದಳು. ಗೀಸರ್, ನೀರಿನ ಪಂಪು ಕೊಂಡರೆ ಡಬ್ಬಿಯೊಳಗೆ ಒಂದು ಪುಟ್ಟ ಪುಸ್ತಕ ಬರುತ್ತದಲ್ಲ, ಬಳಸುವುದು ಹೇಗೆಂದು ತಿಳಿಸುವ ಕೈಪಿಡಿ, ಅಂಥವನ್ನು ಮಾಡಿಕೊಡುವ ಕೆಲಸ. ಚಿತ್ರ ಅವನದು, ಮಾತು ಅವಳದು. ಕೆಲಸ ಕೇಳಿ ಕಂಪನಿಗಳಿಗೆ ಕಳಿಸುವ ಪ್ರಪೋಸಲ್ ಮಾತ್ರ ಅವನೇ ಬರೆಯುತ್ತಿದ್ದ. "ನೀನು ಬರೆದ್ರೆ ಹವಾಮಾನ ವರದಿ ಓದಿದ ಹಾಗಿರುತ್ತೆ ಕಣೇ" ಎನ್ನುತ್ತಿದ್ದ.

ಹಿಂದಿನ ಚಳಿಗಾಲದಲ್ಲಿ ಆಸ್ಪತ್ರೆಗೆ ನಡೆದುಕೊಂಡು ಹೋದವನು ನಡೆದುಕೊಂಡು ಬರಲಿಲ್ಲ. ಕತ್ತರಿಯಕ್ಕ ಅಳಲಿಲ್ಲ, ಹಾಸಿಗೆ ಹಿಡಿಯಲೂ ಇಲ್ಲ. ಹಲ್ಲಿನ ಡಾಕ್ಟರು ಇಂಜೆಕ್ಷನ್ ಕೊಟ್ಟ ಮೇಲೆ ತುಟಿ ನಮ್ಮದಲ್ಲ ಅನ್ನಿಸುತ್ತದಲ್ಲ, ಅವಳಿಗೆ ಮೈಯೆಲ್ಲ ಹಾಗೆಯೇ ಆಗಿತ್ತು. ಕಂಪ್ಯೂಟರ್ ಮುಂದೆ ಕೂರುವಳು, ಅವನ ಹಳೆಯ ಪ್ರಪೋಸಲ್ ತೆಗೆಯುವಳು, ಯಂತ್ರದ ಹೆಸರು ಬದಲಿಸಿ ಕಳಿಸುವಳು. ಯಾರೂ ಉತ್ತರ ಕೊಡಲಿಲ್ಲ.

ಬೇರೆ ಊರಿನಲ್ಲಿದ್ದ ಅವಳ ಅಣ್ಣ ತನ್ನ ಸ್ನೇಹಿತನ ಕಣ್ಣಾಸ್ಪತ್ರೆಯಲ್ಲಿ ಚೀಟಿ ಬರೆಯುವ ಕೆಲಸ ಗೊತ್ತು ಮಾಡಿ, ಬೆಳಿಗ್ಗೆಯೇ ಫೋನ್ ಮಾಡಿದ್ದ. "ಇಲ್ಲಿಗೆ ಬಾ, ಮಹಡಿ ಮೇಲೆ ರೂಮಿದೆ. ಇವತ್ತು ಸಾಯಂಕಾಲ ಹೂಂ ಅನ್ನು, ಇಲ್ಲಾ ಉಹೂಂ ಅನ್ನು. ಆ ಕುರ್ಚಿ ನಿನಗೋಸ್ಕರ ಕಾಯ್ತಾ ಕೂರಲ್ಲ." ಹೂಂ ಅಂದರೆ ಈ ಮನೆ ಹೋಯಿತು, ಈ ಕೆಲಸವೂ ಹೋಯಿತು. ಉಹೂಂ ಅನ್ನಲು ಕೈಯಲ್ಲೊಂದು ಕೆಲಸ ಬೇಕಲ್ಲ. ಉಳಿದಿದ್ದು ಒಂದೇ: ಹೊಲಿಗೆ ಯಂತ್ರದ ಕಂಪನಿಯೊಂದು ಕೈಪಿಡಿ ಬರೆಯುವವರು ಬೇಕೆಂದು ಹಾಕಿದ್ದ ಜಾಹೀರಾತು.

ಬ್ಯೂಟಿ ಪಾರ್ಲರ್ ನಡೆಸುವ ನಾದಿನಿ ಅಂದು ರಜೆಯಲ್ಲಿದ್ದಳು. ಗಿರಾಕಿಗಳನ್ನು ಎಳೆಯುವ ವಿದ್ಯೆ ತನಗೆ ಗೊತ್ತೆಂದು ಪಕ್ಕದಲ್ಲಿ ಬಂದು ಕೂತು ಪರದೆ ಓದಿದಳು.

"'ನಿಮ್ಮ ಗಿರಾಕಿ ನಿಮಗೆ ಬೈಯದ ಹಾಗೆ ನಾವು ನೋಡಿಕೊಳ್ಳುತ್ತೇವೆ.' ಅತ್ತಿಗೆ, ಇದು ನಮ್ಮಣ್ಣನ ಮಾತು ಅಲ್ವಾ?"

"ಹೂಂ. ಹಳೇದು."

ನಾದಿನಿ ಪರದೆಗೆ ಬೆರಳು ತಾಗಿಸಿದಳು. "ಎಲ್ಲಾ ಕಡೆ ನಾವು, ನಾವು. ಚಿತ್ರ ಬಿಡಿಸೋಕೆ ಯಾರು ಬರ್ತಾರೆ? ನಾನಂತೂ ಹುಬ್ಬು ಮಾತ್ರ ತೀಡ್ತೀನಿ."

ಸರಿ ಎಂದು ಕತ್ತರಿಯಕ್ಕ 'ನಾವು' ಇದ್ದಲ್ಲೆಲ್ಲ ಒಂದೇ ಏಟಿಗೆ 'ನಾನು' ಎಂದು ಬದಲಾಯಿಸಿದಳು. ಕಂಪ್ಯೂಟರ್ ಹೇಳಿದಂತೆ ಕೇಳಿತು. ಓದದೆ ಕಳಿಸಿಬಿಟ್ಟಳು.

ಮಧ್ಯಾಹ್ನ ಫೋನ್ ಬಂತು. ಕಂಪನಿಯ ಮಾಲೀಕ, ವಯಸ್ಸಾದ ದನಿ.

"ಅಮ್ಮಾ, 'ನಾನು ಬರೆಯುತ್ತೇವೆ' ಅಂತ ಕಳಿಸಿದ್ದೀರಲ್ಲಾ, ನೀವು ಒಬ್ರೋ ಇಬ್ರೋ?"

ಅವಳು ಪರದೆ ನೋಡಿದಳು. ನಾನು ನೋಡಿಕೊಳ್ಳುತ್ತೇವೆ. ನಾನು ಬರೆಯುತ್ತೇವೆ. ನಾನು ಚಿತ್ರ ಬಿಡಿಸುತ್ತೇವೆ. ತಲೆ ಬದಲಾಗಿತ್ತು, ಬಾಲ ಹಾಗೇ ಉಳಿದಿತ್ತು. ಡೆಸ್ಕಿನಲ್ಲಿ ಯಾರಾದರೂ ಇಂಥ ತಪ್ಪು ಮಾಡಿದ್ದರೆ ಅವರ ನೀರಿಳಿಸುತ್ತಿದ್ದಳು.

"ಒಬ್ಬಳೇ" ಎಂದಳು. "ಚಿತ್ರ ಬಿಡಿಸ್ತಿದ್ದವರು ನಮ್ಮನೆಯವರು. ತೀರಿಕೊಂಡ್ರು."

"ಅಯ್ಯೋ." ಆ ಕಡೆ ಗಂಟಲು ಸರಿಮಾಡಿಕೊಂಡ ಸದ್ದು. "ಬೇಜಾರು ಮಾಡ್ಕೋಬೇಡಿಯಮ್ಮಾ. ನಮ್ಮ ಪುಸ್ತಕದಲ್ಲಿ ಒಂದು ಮಾತು ಆಚೀಚೆ ಆದ್ರೆ ಸೂಜಿ ಬೆರಳಿಗೆ ಹೋಗುತ್ತೆ. ಓದದೇ ಕಳಿಸೋರ ಕೈಗೆ ಹೇಗೆ ಕೊಡ್ಲಿ?"

"ಕೊಡಬಾರದು. ನೀವು ಹೇಳೋದು ಸರಿ. ಇವತ್ತೇ ತಿದ್ದಿ ಕಳಿಸ್ತೀನಿ. ಅದನ್ನ ಓದಿ, ಆಮೇಲೆ ಬೇಡ ಅನ್ನಿ."

ಫೋನಿಟ್ಟಾಗ ನಾದಿನಿ ಹಣೆ ಚಚ್ಚಿಕೊಂಡಳು. "ಕೊಡಬಾರದು ಅಂತ ನೀವೇ ಹೇಳ್ಕೊಡ್ತೀರಾ? ನನ್ನ ಪಾರ್ಲರ್ ಬಾಗಿಲಿಗೆ ನಿಮ್ಮನ್ನ ನಿಲ್ಲಿಸಿದ್ರೆ ಗಿರಾಕಿಗಳೆಲ್ಲಾ ಕ್ಷೌರದಂಗಡಿಗೆ ಹೋಗ್ತಾರೆ."

ಕತ್ತರಿಯಕ್ಕ ತಿದ್ದಲು ಕೂತಳು. ಒಂದೊಂದು ಸಾಲಿನ ಕೊನೆಗೂ ಹೋಗಬೇಕು, 'ವೆ' ಅಳಿಸಬೇಕು, 'ನೆ' ಹಾಕಬೇಕು. ಅಳಿಸಿದಳು, ಹಾಕಿದಳು. ಏನೂ ಅನ್ನಿಸಲಿಲ್ಲ. ಚಿತ್ರದ ಸಾಲನ್ನು ಇಡಿಯಾಗಿ ತೆಗೆದಳು. ಕಡೆಗೆ ಒಂದು ಸಾಲಿನಲ್ಲಿ ಕೈ ನಿಂತಿತು: 'ಹತ್ತಾರು ಕೈಪಿಡಿಗಳನ್ನು ನಾನು ಮಾಡಿದ್ದೇವೆ.' ಇದನ್ನು 'ಮಾಡಿದ್ದೇನೆ' ಎಂದರೆ ವ್ಯಾಕರಣ ಸರಿಹೋಗುತ್ತದೆ, ಸಂಗತಿ ತಪ್ಪಾಗುತ್ತದೆ. ತಪ್ಪು ಸಂಗತಿಯನ್ನು ಅವಳು ಎಂದೂ ಅಚ್ಚಿಗೆ ಬಿಟ್ಟವಳಲ್ಲ.

ಪುಟವನ್ನೇ ಅಳಿಸಿ ಹೊಸದಾಗಿ ಬರೆದಳು:

'ಹಿಂದಿನ ಕೈಪಿಡಿಗಳನ್ನು ನಾವು ಮಾಡಿದೆವು. ಚಿತ್ರ ನನ್ನ ಗಂಡನದು, ಮಾತು ನನ್ನದು. ಇದನ್ನು ನಾನು ಮಾಡುತ್ತೇನೆ. ಚಿತ್ರ ನನಗೆ ಬರುವುದಿಲ್ಲ. ಚಿತ್ರವಿಲ್ಲದೆಯೂ ಬೆರಳು ಉಳಿಯುವಂತೆ ಬರೆಯಬಲ್ಲೆ. ಮಾದರಿಗೆ: ಪೆಡಲಿನಿಂದ ಕಾಲು ತೆಗೆಯಿರಿ. ಬಲಗಡೆಯ ಚಕ್ರವನ್ನು ನಿಮ್ಮತ್ತ ತಿರುಗಿಸಿ ಸೂಜಿಯನ್ನು ಪೂರ್ತಿ ಮೇಲೆ ತನ್ನಿ. ಆಮೇಲೆ ದಾರ ಮುಟ್ಟಿ.'

ನಾದಿನಿ ಹಿಂದಿನಿಂದ ಓದಿದಳು. "ಅಣ್ಣ ಇದ್ದಿದ್ರೆ ಹವಾಮಾನ ವರದಿ ಅಂತಿದ್ದ."

"ಅಂತಿದ್ರು."

"ಮಳೆ ಬರುತ್ತೋ ಇಲ್ವೋ ಅಂತಾದ್ರೂ ಗೊತ್ತಾಗುತ್ತೆ ಬಿಡಿ. ಕಳಿಸಿ."

ಕತ್ತರಿಯಕ್ಕ ಮೊದಲಿಂದ ಕೊನೆಯವರೆಗೆ ಓದಿದಳು, ಇನ್ನೊಮ್ಮೆ ಓದಿದಳು, ಕಳಿಸಿದಳು.

ಬಿಸಿಲು ಇಳಿಯುವ ಹೊತ್ತಿಗೆ ಮಾಲೀಕನ ಫೋನು ಬಂತು. "ಅಮ್ಮಾ, ನನ್ನ ಮೊಮ್ಮಗಳನ್ನ ಯಂತ್ರದ ಮುಂದೆ ಕೂರಿಸಿ ನೀವು ಬರೆದಿದ್ದನ್ನ ಓದಿ ಹೇಳ್ದೆ. ಯಾವತ್ತೂ ಹೊಲಿದವಳಲ್ಲ, ಆದ್ರೂ ಸರಿಯಾಗಿ ಮಾಡಿದಳು. ನಾಳೆ ಒಂದು ಯಂತ್ರ ಕಳಿಸಿಕೊಡ್ತೀನಿ, ನೋಡ್ಕೊಂಡು ಬರೀರಿ. ಚಿತ್ರಕ್ಕೆ ಬೇರೆ ಯಾರನ್ನಾದ್ರೂ ಹುಡುಕ್ತೀನಿ."

ಅದಾದ ಮೇಲೆ ಅಣ್ಣ. "ಏನಮ್ಮಾ, ಹೂಂನೋ ಉಹೂಂನೋ?"

"ಉಹೂಂ, ಅಣ್ಣಾ. ನಾನು ಇಲ್ಲೇ ಇರ್ತೀನಿ."

"ಖುಷಿ ಆಯ್ತಾ ಅತ್ತಿಗೆ?" ನಾದಿನಿ ಕೇಳಿದಳು.

ಕತ್ತರಿಯಕ್ಕ ಯೋಚಿಸಿದಳು. ಇಂಥದ್ದರಲ್ಲೂ ಅವಳಿಗೆ ಸುಳ್ಳು ಬರುತ್ತಿರಲಿಲ್ಲ. "ಗೊತ್ತಾಗ್ತಿಲ್ಲ ಕಣೇ" ಎಂದು ಎದ್ದು, ಕಿಟಕಿಯ ಬಳಿ ಗಂಡ ಚಿತ್ರ ಬಿಡಿಸುತ್ತಿದ್ದ ಮೇಜಿನ ಒಂದು ತುದಿ ಹಿಡಿದಳು. "ಯಂತ್ರಕ್ಕೆ ಪ್ಲಗ್ ಹತ್ತಿರ ಜಾಗ ಬೇಕು. ಆ ಕಡೆ ನೀನು ಹಿಡ್ಕೋ."