ವಿಭೂತಿ ಒರೆಸಿದ ಕಲ್ಲು

ನನ್ನನ್ನು ಹೊಗಳುವವರ ಮುಂದೆ ನನಗೆ ಕೂರಲಾಗುವುದಿಲ್ಲ. ಶಹಾಬಾದಿನ ಸಾಯಬಣ್ಣ ಮೇಸ್ತ್ರಿ ಹಾಸಿದ ನೆಲವೆಂದರೆ ಹೈದರಾಬಾದಿನ ನವಾಬರೂ ಕಾಲಿನ ಜೋಡು ಬಿಟ್ಟು ನಡೆಯುತ್ತಾರಂತೆ. ಕರಿ ಕಲ್ಲು, ಬೂದು ಕಲ್ಲು ಕೂಡಿಸಿ ನಾನು ಹೆಣೆದ ಪಗಡೆಹಾಸಿನ ನೆಲ ನೋಡಲು ವಾಡಿಯಿಂದ ನಿಜಾಮರ ರೈಲು ಹತ್ತಿ ಹೋದವರಿದ್ದಾರೆ. ಹೋಗಲಿ ಪಾಪ. ಈ ಹೆಸರೆಲ್ಲ ಶುರುವಾದದ್ದು ನನ್ನ ಒಂದು ಹಿಮ್ಮಡಿಯಿಂದ ಎಂದು ಅವರಿಗೇನು ಗೊತ್ತು.

ನನಗೆ ಕೆಲಸ ಕಲಿಸಿದವರು ಗೊಲ್ಲಾಳಪ್ಪ ಮೇಸ್ತ್ರಿ. ಖಣಿಯಿಂದ ಎತ್ತಿದ ಹಾಸುಗಲ್ಲಿನ ಕೆಳಗೆ ಒಂದು ಹರಳಿಟ್ಟು, ಕಣ್ಣು ಮುಚ್ಚಿ, ಸಣ್ಣ ಸುತ್ತಿಗೆಯಿಂದ ಒಂದೇ ಸಲ ಬಡಿಯುತ್ತಿದ್ದರು. ಗಟ್ಟಿ ಕಲ್ಲು ಗಂಟೆಯ ಹಾಗೆ ನಾದ ಕೊಡುತ್ತದೆ. ಒಳಗೆ ಸೀಳಿದ್ದರೆ ಥಪ್ಪೆನ್ನುತ್ತದೆ. ಒಪ್ಪಿದ ಕಲ್ಲಿಗೆ ಅವರು ಸೊಂಟದ ಚೀಲದಿಂದ ವಿಭೂತಿ ತೆಗೆದು ಒಂದು ಗೆರೆ ಎಳೆಯುತ್ತಿದ್ದರು. ಆ ಗೆರೆ ಬಿದ್ದ ಕಲ್ಲನ್ನು ಮತ್ತೊಬ್ಬರು ಬಡಿದು ನೋಡುವ ಪದ್ಧತಿ ನಮ್ಮ ಖಣಿಯಲ್ಲಿರಲಿಲ್ಲ.

ನನಗಾಗ ಇಪ್ಪತ್ತಾರು. ಇವರಿರುವ ತನಕ ನಾನು ಸುತ್ತಿಗೆ ಹೊರುವವನೇ ಎಂಬ ಉರಿ ಹೊಟ್ಟೆಯೊಳಗಿತ್ತು. ಒಂದು ದಿನ ಗುತ್ತೇದಾರ ಅಬ್ದುಲ್ ಗನಿ ಸಾಹೇಬರು ಯಾವುದೋ ಹವೇಲಿಗೆ ಕಲ್ಲು ಆರಿಸಲು ಬಂದರು. ಎರಡು ಸಲ ಕರೆದರೂ ಮೇಸ್ತ್ರಿ ಹೊರಳಿ ನೋಡಲಿಲ್ಲ. ಗಾಳಿ ಜೋರಿತ್ತು, ಅಷ್ಟೇ.

"ಏನ್ ಸಾಯಬಣ್ಣ, ಮೇಸ್ತ್ರಿ ಕಿವಿ ಬರೋಬರ್ ಅದಾವಿಲ್ಲೋ?" ಎಂದರು ಸಾಹೇಬರು.

"ಗಾಳಿ ಜೋರದರಿ" ಎಂದರೆ ಮುಗಿಯುತ್ತಿತ್ತು. ನಾನು ಅನ್ನಲಿಲ್ಲ. ವಿಭೂತಿ ಬಿದ್ದ ದೊಡ್ಡದೊಂದು ಕಲ್ಲಿನ ಬಳಿ ಹೋಗಿ, ಅದರ ಅಂಚನ್ನು ಹಿಮ್ಮಡಿಯಿಂದ ಒತ್ತಿ ಹಿಡಿದು ಬಡಿದೆ. ಒತ್ತಿ ಹಿಡಿದರೆ ಎಂಥ ಗಟ್ಟಿ ಕಲ್ಲೂ ನಾದ ಬಿಡುವುದಿಲ್ಲ. ಥಪ್ಪೆಂದಿತು. ಧೋತರ ನನ್ನ ಪಾದ ಮುಚ್ಚಿತ್ತು.

"ಒಳಗ ಸೀಳ್ಯಾದರಿ ಸಾಹೇಬ್ರ," ಎಂದೆ.

ಮೇಸ್ತ್ರಿ ನನ್ನ ಮುಖ ನೋಡಿದರು. ಕಾಲು ನೋಡಲಿಲ್ಲ. ಶಿಷ್ಯನ ಕಾಲ ಮೇಲೆ ಕಣ್ಣಿಡುವ ಬುದ್ಧಿ ಆ ಮನುಷ್ಯನಿಗಿರಲಿಲ್ಲ.

"ನಾ ಬಡದಾಗ ಛಲೋ ಕೇಳಿಸ್ತಲ್ಲೋ ತಮ್ಮಾ," ಎಂದು ಮೆಲ್ಲಗೆ ಹೇಳಿ, ಕುಕ್ಕರಗಾಲಲ್ಲಿ ಕೂತು, ತಾವೇ ಎಳೆದ ಗೆರೆಯನ್ನು ಧೋತರದ ಚುಂಗಿನಿಂದ ಒರೆಸಿದರು. ಮರುದಿನದಿಂದ ಖಣಿಗೆ ಬರಲಿಲ್ಲ. ಬೇಡವಾದ ಆ ಕಲ್ಲನ್ನು ಮಾತ್ರ ಕೇಳಿ ಮನೆಗೊಯ್ದರು. ಸುತ್ತಿಗೆಯನ್ನು ಮತ್ತೆ ಮುಟ್ಟಲೇ ಇಲ್ಲವಂತೆ.

ಹನ್ನೊಂದು ವರ್ಷ ನಾನು ಆ ಓಣಿಯ ಕಡೆ ತಲೆ ಹಾಕಲಿಲ್ಲ. ದೊಡ್ಡ ಮೇಸ್ತ್ರಿಯಾದೆ, ಹೊಸ ಹೊಸ ಹಾಸು ಹೆಣೆದೆ, ಶಾಲು ಹೊದಿಸಿಕೊಂಡೆ. ಪ್ರತಿ ಕಲ್ಲು ಬಡಿಯುವಾಗಲೂ ಆ ಥಪ್ಪೆಂಬ ಸದ್ದೇ ಮೊದಲು ಕಿವಿಗೆ ಬರುತ್ತಿತ್ತು. ಮೊನ್ನೆ ಅವರು ಹಾಸಿಗೆ ಹಿಡಿದಿದ್ದಾರೆಂದು ತಿಳಿದಾಗ, ಇನ್ನು ತಡಮಾಡಿದರೆ ಯಾರ ಮುಂದೆ ಹೇಳಲಿ ಎಂದು ಹೆದರಿ ಹೋದೆ.

ಅಂಗಳದಲ್ಲಿ ಅವರ ಸೊಸೆ ನೀಲಾಬಾಯಿ ಅದೇ ಕಲ್ಲಿನ ಮೇಲೆ ಬಟ್ಟೆ ಒಗೆಯುತ್ತಿದ್ದಳು. ಹನ್ನೊಂದು ವರ್ಷ ಬಡಿಸಿಕೊಂಡರೂ ಅದರಲ್ಲಿ ಕೂದಲೆಳೆಯಷ್ಟು ಸೀಳಿರಲಿಲ್ಲ.

ಒಳಗೆ ಹೋಗಿ ಅವರ ಪಾದ ಹಿಡಿದೆ. "ಮೇಸ್ತ್ರಿ, ಆ ಕಲ್ಲು ಛಲೋನೇ ಇತ್ತರಿ. ನಾನೇ ಹಿಮ್ಮಡಿ ಒತ್ತಿ ಬಡದಿದ್ದೆ."

ಅವರು ನಗುತ್ತ ನನ್ನ ತುಟಿಯನ್ನೇ ನೋಡಿದರು. ಕೂಗಿ ಹೇಳಿದೆ. ಅಳುತ್ತ ಹೇಳಿದೆ. ಈಗ ಅವರ ಕಿವಿ ನಿಜವಾಗಿಯೂ ಹೋಗಿತ್ತು.

ಬಾಗಿಲಿಗೆ ಬಂದು ನಿಂತ ಸೊಸೆಗೆ ಅವರು, ನನ್ನ ತಲೆಯ ಮೇಲೆ ಕೈಯಿಟ್ಟು, ಹೆಮ್ಮೆಯಿಂದ ಹೇಳಿದರು:

"ನೀಲಾ, ಇವನೇ ನೋಡವ್ವ ನಮ್ಮ ಸಾಯಬಣ್ಣ. ನನ್ನ ಕಿವಿ ಕೆಟ್ಟದ್ದು ನನಗಿಂತ ಮೊದಲ ಇವಗ ತಿಳೀತು. ಅಂಥಾ ಕಿವಿ ಇವಂದು. ಕುಡೀಲಿಕ್ಕ ಏನರೆ ಕೊಡು."

ನೀಲಾಬಾಯಿ ಎಲ್ಲ ಕೇಳಿಸಿಕೊಂಡಿದ್ದಳು. ಮಾವನಿಗೆ ತಲೆಯಾಡಿಸಿ ಒಳಗೆ ಹೋದಳು. ನೀರಿನ ತಂಬಿಗೆ ತಂದು ನನ್ನ ಮುಂದಿಟ್ಟಳು.

"ಕುಡೀರಿ," ಎಂದಳು. "ಮಾವ ಹೇಳ್ಯಾರಂತ ಕೊಡಾಕತ್ತೀನಿ."