ಅವಸರವೇನಿಲ್ಲ ಎಂದ ಮೊದಲ ಗಿರಾಕಿ

ನನ್ನ ಕೌದಿ ಹೊಲಿಯುವ ಯಂತ್ರ ಎಷ್ಟು ಉದ್ದವೆಂದರೆ, ಅದರ ಈ ತುದಿಯಲ್ಲಿ ಹಿಮ ಸುರಿಯುವಾಗ ಆ ತುದಿಯಲ್ಲಿ ಜನ ಟೊಮೇಟೊ ಕೀಳುತ್ತಿರುತ್ತಾರೆ. ಒಮ್ಮೆ ಕೈ ತಪ್ಪಿ ಅಮೆರಿಕದ ನಮ್ಮ ಮಿನ್ನೆಸೋಟ ರಾಜ್ಯವನ್ನೂ ನದಿಯಾಚೆಯ ಡಕೋಟ ರಾಜ್ಯವನ್ನೂ ಸೇರಿಸಿ ಹೊಲಿದುಬಿಟ್ಟಿದ್ದೆ. ಬಿಡಿಸಲು ಎರಡೂ ಕಡೆಯ ಪೊಲೀಸರು ಕತ್ತರಿ ಹಿಡಿದು ಬರಬೇಕಾಯಿತು. ನಂಬದವರು ಹೋಗಿ ನದಿಯ ದಡ ನೋಡಿ, ಸೂಜಿಯ ತೂತುಗಳು ಈಗಲೂ ಇವೆ.

ಇಂಥ ಯಂತ್ರ ನಮ್ಮ ಮನೆಗೆ ಬಂದದ್ದು ಮಾತ್ರ ಕೆಟ್ಟ ಕಾಲದಲ್ಲಿ. ಊರಿನ ಶಾಲೆ ಮುಚ್ಚಿತು. ಅದರ ಅಡುಗೆಮನೆಯಲ್ಲಿದ್ದ ನನ್ನ ಕೆಲಸವೂ ಹೋಯಿತು. ನನ್ನ ಗಂಡ ಡ್ವೇನ್‌ಗೆ ಸಕ್ಕರೆ ಕಾರ್ಖಾನೆಯಲ್ಲಿ, ಸಕ್ಕರೆ ತೆಗೆಯುವ ಬೀಟ್ ಗೆಡ್ಡೆ ಬರುವ ತಿಂಗಳುಗಳಲ್ಲಷ್ಟೇ ಕೆಲಸ. ಉಳಿದ ತಿಂಗಳುಗಳಲ್ಲಿ ಅವನು ಕಿಟಕಿಯ ಮುಂದೆ ಕೂತು ಗಾಳಿಯನ್ನು ನೋಡುತ್ತಾನೆ.

ನಮ್ಮ ಕಡೆ ಹೆಂಗಸರು ಬಟ್ಟೆ ತುಂಡುಗಳನ್ನು ಜೋಡಿಸಿ ಕೌದಿಯ ಮೇಲ್ಪದರವನ್ನು ತಾವೇ ಮಾಡಿಕೊಳ್ಳುತ್ತಾರೆ. ಅದನ್ನು ಒಳಗಿನ ಹತ್ತಿಗೂ ಅಡಿಬಟ್ಟೆಗೂ ಸೇರಿಸಿ ಹೊಲಿಯುವುದಕ್ಕೆ ದೊಡ್ಡ ಯಂತ್ರವೇ ಬೇಕು. ಅದಿದ್ದವರ ಮನೆಗೆ ಕೊಟ್ಟುಬರುತ್ತಾರೆ. ಆ ಕೆಲಸ ಹಿಡಿಯೋಣವೆಂದು ನಾನು ಹರಾಜಿನಲ್ಲಿ ಹಳೆಯ ಯಂತ್ರವೊಂದನ್ನು ತಂದು ನೆಲಮಾಳಿಗೆಯಲ್ಲಿ ಕೂರಿಸಿದೆ.

"ಯಾರು ತರ್ತಾರೆ, ಲವಾನ್, ನಿನ್ನ ಹತ್ರ?" ಎಂದ ಡ್ವೇನ್. "ಈ ಊರಲ್ಲಿ ಉಳಿದಿರೋದೇ ನಾಲ್ಕು ಹೆಂಗಸ್ರು. ಅದ್ರಲ್ಲಿ ಇಬ್ರಿಗೆ ಕಣ್ಣು ಕಾಣ್ಸಲ್ಲ."

"ಕಣ್ಣು ಕಾಣದೋರು ಬಂದ್ರೆ ಇನ್ನೂ ಒಳ್ಳೇದು. ತಪ್ಪು ಹುಡುಕಲ್ಲ."

ಪಕ್ಕದ ಮನೆಯ ಆರ್ಡಿಸ್ ಈ ಕೆಲಸದಲ್ಲಿ ಹಳೆಯ ಕೈ. ಭುಜ ನೋವಿನಿಂದ ಅವಳ ಯಂತ್ರ ಈಗ ಸುಮ್ಮನಿದೆ. ಬಾಯಿ ಮಾತ್ರ ಸುಮ್ಮನಿಲ್ಲ.

"ಮೊದ್ಲು ನಿನ್ನ ಹಳೇ ಬೆಡ್‌ಶೀಟು ಹೊಲಿ. ಆಮೇಲೆ ಚರ್ಚಿನಿಂದ ಬಡವ್ರಿಗೆ ಕಳ್ಸೋ ಕೌದಿ ಹೊಲಿ. ಕೈ ಕೂತ ಮೇಲೆ ಗಿರಾಕಿ."

"ಬೆಡ್‌ಶೀಟಾ? ನಾನು ಹುಟ್ಟುವಾಗ್ಲೇ ಹೊಕ್ಕುಳು ನಾನೇ ಹೊಲ್ಕೊಂಡೋಳು ಕಣೇ!"

"ಅದಕ್ಕೇ ಅದು ಹಾಗೆ ಸೊಟ್ಟಗಿದೆ," ಎಂದು ಆರ್ಡಿಸ್ ಕಾಫಿ ಕುಡಿದು ಎದ್ದು ಹೋದಳು. ನಾನು ದಿನಸಿ ಅಂಗಡಿಯ ಬಾಗಿಲಿಗೆ ನನ್ನ ಹೆಸರಿನ ಚೀಟಿ ಅಂಟಿಸಿ ಬಂದೆ.

ಜನವರಿಯಲ್ಲಿ ಮೊದಲ ಗಿರಾಕಿ ಬಂದಳು. ಹೆದ್ದಾರಿಯಾಚೆಯ ಊರಿನ ಮಾರ್ಲಿಸ್ ಎಂಬ ಹೆಂಗಸು. ಚಳಿಗೆ ಕಾರು ಸತ್ತೀತೆಂದು ಎಂಜಿನ್ ಆರಿಸದೆ ಬಂದಿದ್ದಳು. ಕಾಫಿ ಕೊಡಲೇ ಎಂದೆ. ಬೇಡ ಎಂದಳು. ಇನ್ನೊಮ್ಮೆ ಕೇಳಿದೆ. ತೊಂದರೆ ಬೇಡ ಎಂದಳು. ಮತ್ತೂ ಕೇಳಿದ ಮೇಲೆ, ಹೇಗೂ ಮಾಡಿದ್ದರೆ ಅರ್ಧ ಲೋಟ ಎಂದಳು. ನಮ್ಮಲ್ಲಿ ಎಲ್ಲರೂ ಹೀಗೆಯೇ. ಬಾಯಾರಿ ಬಿದ್ದವನೂ ನೀರನ್ನು ಎರಡು ಸಲ ಬೇಡ ಎಂದ ಮೇಲೆಯೇ ಕುಡಿಯುವುದು.

ಮಾರ್ಲಿಸ್ ಚೀಲದಿಂದ ಮೇಲ್ಪದರ ತೆಗೆದಳು. ನೀಲಿ ನಕ್ಷತ್ರಗಳು. ಆದರೆ ಸುತ್ತಲಿನ ಅಂಚುಪಟ್ಟಿಯನ್ನು ಅಳೆಯದೆ ಹೊಲಿದಿದ್ದರಿಂದ ಅದು ಗಾಳಿಗೆ ಸಿಕ್ಕ ಕೆರೆಯ ಹಾಗೆ ಅಲೆಅಲೆಯಾಗಿತ್ತು. ನಾನು ಅದನ್ನು ಕಂಡೆ. ನಾನು ಕಂಡೆನೆಂಬುದನ್ನು ಅವಳೂ ಕಂಡಳು. ಹೊಲಿದವರ ತಪ್ಪನ್ನು ಮುಖದ ಮೇಲೆ ಹೇಳುವುದುಂಟೇ?

"ಒಂಥರಾ ಬೇರೆ ಥರಾನೇ ಇದೆ," ಎಂದೆ. ನಮ್ಮ ಕಡೆ ಇದಕ್ಕಿಂತ ಕಟುವಾದ ಟೀಕೆಯಿಲ್ಲ.

"ನನ್ನ ತಂಗಿ ಬರ್ನಿಸ್ ಜೋಡ್ಸಿದ್ದು. ಕಡೇಕಡೇಗೆ ಅವ್ಳ ಕೈ ಸ್ವಲ್ಪ ನಡುಗ್ತಿತ್ತು. ಅವ್ಳು ಹೊದ್ಕೊಳ್ಳೋದಕ್ಕೇ."

"ಯಾವಾಗ ಬೇಕು?"

"ಅಯ್ಯೋ, ಅವಸರವೇನಿಲ್ಲ. ನಿಮಗೆ ಬಿಡುವಾದಾಗ."

ಬಾಗಿಲಲ್ಲಿ ಬೂಟು ಹಾಕಿಕೊಳ್ಳುವಾಗ ಮತ್ತೆ ಅವಸರವೇನಿಲ್ಲ ಎಂದಳು. ಕಾರಿನ ಗಾಜು ಇಳಿಸಿ ಇನ್ನೊಮ್ಮೆ ಅದನ್ನೇ ಹೇಳಿದಳು. ಎಂಥ ಒಳ್ಳೆಯ ಗಿರಾಕಿ ಎಂದುಕೊಂಡೆ.

ಆ ಕೌದಿಯ ಮೇಲೆ ಜಗತ್ತೇ ಬೆರಗಾಗುವ ಚಿತ್ತಾರ ಬಿಡಿಸಬೇಕೆಂದು ಹಠ ಹಿಡಿದೆ. ಗರಿ, ಬಳ್ಳಿ, ಹಂಸ. ದಿನವೂ ಹಾಳೆಯ ಮೇಲೆ ಗೀಚುತ್ತಿದ್ದೆ, ಬಟ್ಟೆಗೆ ಸೂಜಿ ಇಳಿಸಲು ಕೈ ಬರುತ್ತಿರಲಿಲ್ಲ. ನೀಲಿ ನಕ್ಷತ್ರಗಳು ಕುರ್ಚಿಯ ಮೇಲೆ ಮಡಚಿದಂತೆಯೇ ಇದ್ದವು. ಹೊರಗೆ ಹೊಲಗಳು, ರಸ್ತೆ, ಆಕಾಶ ಎಲ್ಲ ಒಂದೇ ಬೂದು ಬಣ್ಣವಾದವು. ಫೆಬ್ರವರಿ ಬಂತು.

ಒಂದು ಬೆಳಗ್ಗೆ ಆರ್ಡಿಸ್ ನೆಲಮಾಳಿಗೆಗೆ ಇಳಿದು ಬಂದಳು.

"ಇದು ಯಾರ್ದೇ?"

"ನನ್ನ ಗಿರಾಕೀದು. ಅವಸರವೇನಿಲ್ವಂತೆ."

"ಎಷ್ಟು ಸಲ ಅಂದ್ಳು?"

"ಮೂರು ಸಲ."

ಆರ್ಡಿಸ್‌ಳ ಮುಖ ಕಪ್ಪಿಟ್ಟಿತು. "ಮೂರು ಸಲ ಅಂದ್ಳಾ? ಎಲ್ಲಿ ಹುಟ್ಟಿ ಬೆಳೆದೋಳೇ ನೀನು? ನಮ್ಮೋರು ಮೂರು ಸಲ ಅವಸರವಿಲ್ಲ ಅಂದ್ರೆ ಮನೆಗೆ ಬೆಂಕಿ ಬಿದ್ದಿದೆ ಅಂತ! ಮಾಡು ಫೋನು."

ಮಾಡಿದೆ. ಮಾರ್ಲಿಸ್ ಹವಾಮಾನದ ಬಗ್ಗೆ ಮಾತಾಡಿದಳು. ನಾನೂ ಮಾತಾಡಿದೆ. ಆರ್ಡಿಸ್ ನನ್ನ ತೋಳು ಚಿವುಟಿದಳು. ಕೊನೆಗೆ ಕೇಳಿದೆ: "ಬರ್ನಿಸ್‌ಗೆ ಕೌದಿ ಯಾವತ್ತಿಗೆ ಬೇಕು? ಸರಿಯಾಗಿ ಹೇಳಿ."

ಮಾರ್ಲಿಸ್ ದನಿ ತಗ್ಗಿಸಿದಳು.

"ಡಾಕ್ಟ್ರು ಔಷಧಿ ನಿಲ್ಸಿದಾರೆ. ಮನೇಲೇ ಇಟ್ಕೊಂಡಿದೀವಿ. ಕೌದಿ ಬಂತಾ ಅಂತ ದಿನಾ ಕೇಳ್ತಾಳೆ. ಪಾಪ, ಅವ್ರಿಗೂ ಬೇರೆ ಕೆಲಸ ಇರತ್ತಲ್ಲ ಅಂತ ನಾನೇ ಸಮಾಧಾನ ಹೇಳ್ತೀನಿ."

ನನಗೆ ಬೇರೆ ಒಂದು ಕೆಲಸವೂ ಇರಲಿಲ್ಲ.

ಫೋನು ಇಟ್ಟವಳೇ ಬಟ್ಟೆಯನ್ನು ಚೌಕಟ್ಟಿಗೆ ಏರಿಸಿ ಯಂತ್ರ ಓಡಿಸಿದೆ. ಆರ್ಡಿಸ್ ಬಗ್ಗಿ ಅಡಿಯಿಂದ ಕೈಯಾಡಿಸಿ, "ನಿಲ್ಸು!" ಎಂದು ಕೂಗಿದಳು. ಮೇಲೆ ಚಂದ ಕಾಣುತ್ತಿದ್ದ ಹೊಲಿಗೆ ಕೆಳಗೆ ಹಕ್ಕಿಗೂಡಿನಂತೆ ಗಂಟುಗಂಟಾಗಿತ್ತು.

"ಪಕ್ಕದಲ್ಲಿ ಹೆಚ್ಚಿಗೆ ಅಡಿಬಟ್ಟೆ ಯಾಕೆ ಬಿಡ್ತಾರೆ ಹೇಳು? ಅಲ್ಲಿ ಹೊಲ್ದು, ದಾರದ ಬಿಗಿ ನೋಡ್ಕೊಂಡು ಆಮೇಲೆ ಕೌದಿಗೆ ಬರ್ಬೇಕು. ಬಿಚ್ಚು ಈಗ."

ಡ್ವೇನ್ ಬಿಚ್ಚಲು ಕೂತ. ಬೀಟ್ ಗೆಡ್ಡೆ ಎತ್ತುವ ಕೈಗಳು ಒಂದೊಂದೇ ದಾರ ಎಳೆದು ತೆಗೆದವು. "ನಾನು ಇದನ್ನ ಹೊತ್ತು ಕಳೆಯೋ ಕೆಲಸ ಅಂದ್ಕೊಂಡಿದ್ದೆ," ಎಂದ ಮೆಲ್ಲಗೆ. "ಅಲ್ಲಿ ಒಬ್ಳು ಇದಕ್ಕೇ ಕಾಯ್ತಾ ಇದಾಳೆ."

ಗರಿ, ಹಂಸ ಎಲ್ಲ ಬಿಟ್ಟು ಸಾದಾ ಸುತ್ತುಬಳ್ಳಿ ಹೊಲಿದೆ. ಅಂಚಿಗೆ ಬಂದಾಗ ಆ ಅಲೆ ಎದುರಾಯಿತು. "ಅವ್ಳು ಬಂದ ದಿನಾನೇ ಮೇಜಿನ ಮೇಲೆ ಹರಡಿ ತೋರ್ಸಿ ಹೇಳಿದ್ರೆ, ಪಟ್ಟಿ ಬಿಚ್ಚಿ ಅಳತೆಗೆ ಹೊಲೀಬೋದಿತ್ತು," ಎಂದಳು ಆರ್ಡಿಸ್. ಈಗ ಹೊತ್ತಿರಲಿಲ್ಲ. ಇಬ್ಬರೂ ಎಳೆದು ಸರಿಪಡಿಸಿದೆವು. ಆದರೂ ಒಂದು ಮೂಲೆಯಲ್ಲಿ ಬಟ್ಟೆ ಮಡಿಕೆ ಬಿದ್ದು ಹಾಗೆಯೇ ಹೊಲಿಗೆಯೊಳಗೆ ಸೇರಿಹೋಯಿತು. ಮರುದಿನ ಅಂಚು ಕಟ್ಟಿ ಮುಗಿಸಿ, ಹಿಮದ ಗಾಳಿಯಲ್ಲಿ ಮೂವರೂ ಹೊರಟೆವು.

ಹೋಗಿ ತಲುಪಿದೆವು. ಬರ್ನಿಸ್ ಕೌದಿಯನ್ನು ಗದ್ದದವರೆಗೆ ಎಳೆದುಕೊಂಡಳು. ಕೆನ್ನೆಗೆ ಬಣ್ಣ ಬಂತು. ಎದ್ದು ಕೂತು ಎರಡು ತಟ್ಟೆ ಆಲೂಗಡ್ಡೆ ಪಲ್ಯ ತಿಂದಳು. ನಡುಕ ನಿಂತ ಕೈಯಿಂದ ನನ್ನ ಕೈ ಹಿಡಿದು, ಇಂಥ ಹೊಲಿಗೆಯನ್ನು ಜನ್ಮದಲ್ಲಿ ಕಂಡಿಲ್ಲ ಎಂದಳು. ಆದ್ದರಿಂದ ಅಕ್ಕತಂಗಿಯರೇ, ನೀವೂ ಮನೆಯಲ್ಲೇ ಯಂತ್ರ ಇಟ್ಟು ಕೌದಿ ಹೊಲಿಯಿರಿ, ನನ್ನಂತೆ ಹೆಸರು ಗಳಿಸಿ!

ಇಲ್ಲಿಯವರೆಗೆ ಬರೆದು ಆರ್ಡಿಸ್‌ಗೆ ಓದಿ ಹೇಳಿದೆ. ಅವಳು ಲೋಟ ಕೆಳಗಿಟ್ಟಳು.

"ನದೀನ ಹೊಲ್ದೆ ಅಂತ ಬರ್ಕೋ, ಯಾರಿಗೂ ನಷ್ಟ ಇಲ್ಲ. ಇದನ್ನ ಬರೀಬೇಡ. ಓದಿದೋಳು ನಂಬಿಬಿಡ್ತಾಳೆ."

"ಹೀಗೆ ಆಗಿದ್ರೆ ಚೆನ್ನಾಗಿರ್ತಿತ್ತು ಆರ್ಡಿಸ್."

"ಚೆನ್ನಾಗಿರ್ತಿತ್ತು. ಆಗ್ಲಿಲ್ಲ. ನಾನೂ ಅಲ್ಲೇ ನಿಂತಿದ್ದೆ."

ಸರಿ. ನಿಜ ಹೇಳುತ್ತೇನೆ. ನಾವು ಹೋದಾಗ ಮಂಚದ ಮೇಲೆ ಹಾಸಿಗೆಯೇ ಇರಲಿಲ್ಲ. ಬರ್ನಿಸ್ ಹಿಂದಿನ ಸಂಜೆಯೇ ತೀರಿಕೊಂಡಿದ್ದಳು. ಇಷ್ಟು ಚಳಿಯಲ್ಲಿ ಬಂದಿರಲ್ಲ ಎಂದು ಮಾರ್ಲಿಸ್ ನಮಗೇ ಉಪಚಾರದ ಮಾತು ಹೇಳಿ ಕಾಫಿ ಇಟ್ಟಳು. ಆಮೇಲೆ ಕುರ್ಚಿಯಲ್ಲಿ ಕೂತು ಕೌದಿಯನ್ನು ತನ್ನ ಮಂಡಿಯ ಮೇಲೆ ಹರಡಿಕೊಂಡು ಅಂಚಿನ ಉದ್ದಕ್ಕೂ ಬೆರಳು ಓಡಿಸಿದಳು. ಮೂಲೆಯ ಆ ಮಡಿಕೆ ಸಿಕ್ಕಿತು. ಬೆರಳು ಅಲ್ಲೇ ನಿಂತಿತು.

ನಾನು ಈಗಲೂ ಹೊಲಿಯುತ್ತೇನೆ. ಗಿರಾಕಿಗಳು ಬರುತ್ತಾರೆ, ಡ್ವೇನ್ ಬಟ್ಟೆ ಹಿಡಿಯುತ್ತಾನೆ. ನನ್ನ ಕೆಲಸ ಜಗತ್ತು ಬೆರಗಾಗುವಂಥದ್ದಲ್ಲ, ಗಟ್ಟಿಯಾಗಿರುತ್ತದೆ ಅಷ್ಟೆ. ನೀವು ಶುರುಮಾಡುವುದಾದರೆ ಮೊದಲು ನಿಮ್ಮ ಹಳೆಯ ಬೆಡ್‌ಶೀಟು ಹೊಲಿಯಿರಿ. ಗಿರಾಕಿ ಬಂದಾಗ ಬಟ್ಟೆ ಹರಡಿ ಇಬ್ಬರೂ ಸೇರಿ ನೋಡಿ, ಕಂಡದ್ದನ್ನು ಕಂಡಂತೆ ಹೇಳಿ. ಯಾರಿಗೆ, ಯಾವತ್ತಿಗೆ ಎಂದು ಕೇಳಿ. ಅವರು ಸಂಕೋಚಪಟ್ಟರೆ ಮತ್ತೆ ಕೇಳಿ. ಅಷ್ಟರೊಳಗೆ ನಿಮ್ಮ ಕೈಯಲ್ಲಿ ಆಗದಿದ್ದರೆ, ಆಗುವವರ ಮನೆಯ ದಾರಿ ತೋರಿಸಿ. ನಾನೂ ಅವತ್ತು ಮಾರ್ಲಿಸ್‌ಗೆ ತೋರಿಸಬಹುದಿತ್ತು.