ದಿಣ್ಣೆಯ ಮೇಲಿನ ಕಂದು ಚುಕ್ಕೆ

ನನ್ನ ಗಂಡನಿಗೆ ಮನುಷ್ಯರ ಮುಖ ಅಂದರೆ ಅಷ್ಟಕ್ಕಷ್ಟೆ. ಮದುವೆ ಫೋಟೋ ತೆಗೆದು ಬದುಕುವವನಿಗೆ ಇರಬಾರದ ಗುಣ ಇದು, ಆದರೆ ಇದೆ, ಏನು ಮಾಡುವುದು. ಅವನ ಪ್ರಾಣವೆಲ್ಲ ಮರಳಿನ ಮೇಲೆ. ನಮ್ಮ ಪೇಟೆಯಿಂದ ಅರ್ಧ ದಿನ ಜೀಪಿನಲ್ಲಿ ಹೋದರೆ ಮರಳುಗಾಡು ಸಿಗುತ್ತದೆ. ಸಂಜೆ ಬಿಸಿಲಿಗೆ ಅಲ್ಲಿನ ದಿಣ್ಣೆಗಳ ಒಂದು ಮಗ್ಗುಲು ಹೊಂಬಣ್ಣ, ಇನ್ನೊಂದು ಮಗ್ಗುಲು ಕಪ್ಪು. ಮದುಮಕ್ಕಳನ್ನು ಒಂದು ದಿಣ್ಣೆಯ ನೆತ್ತಿಗೆ ಹತ್ತಿಸಿ, ತಾನು ಎದುರಿನ ದಿಣ್ಣೆಗೆ ಹೋಗಿ ಫೋಟೋ ತೆಗೆಯುತ್ತಾನೆ. ಫೋಟೋದ ತುಂಬ ಆಕಾಶ, ಮರಳು, ನಡುವೆ ಎರಡು ಇರುವೆ. ಇರುವೆಗಳಾಗಲು ಜನ ತಿಂಗಳುಗಟ್ಟಲೆ ಮೊದಲೇ ಬಂದು ನಮ್ಮಲ್ಲಿ ದಿನ ಗೊತ್ತುಮಾಡಿಕೊಂಡು ಹೋಗುತ್ತಾರೆ.

ನನ್ನ ಕೆಲಸ ಸ್ಟುಡಿಯೋದ ಹಿಂದಿನ ಕೋಣೆಯಲ್ಲಿ. ಕಿಟಕಿಗೆ ಕಪ್ಪು ಪರದೆ, ಒಂದು ಕಂಪ್ಯೂಟರ್, ಕೂತರೆ ಕಿರುಗುಟ್ಟುವ ಒಂದು ಕುರ್ಚಿ. ಗಂಡ ತಂದ ಫೋಟೋಗಳಲ್ಲಿ ಬೇಡದ್ದನ್ನು ಅಳಿಸುವವಳು ನಾನು. ಜೀಪಿನ ಚಕ್ರದ ಗುರುತು, ಗಾಳಿಗೆ ಹಾರಿ ಬಂದ ಪ್ಲಾಸ್ಟಿಕ್ ಚೀಲ, ಯಾರದೋ ಹೆಜ್ಜೆ, ಅಡ್ಡ ಬಂದ ಡೇರೆಯ ಆಳು, ಎಲ್ಲವನ್ನೂ ಅಳಿಸಿ ಆ ಜಾಗಕ್ಕೆ ಮರಳು ಹರಡುತ್ತೇನೆ. ಮನೆಯ ಕಸ ಗುಡಿಸಿ ಮುಗಿಸಿ, ಇಲ್ಲಿ ಬಂದು ಮರಳುಗಾಡಿನ ಕಸ ಗುಡಿಸುವುದು. ನಿನ್ನ ಕೈಗೆ ಸಿಕ್ಕರೆ ಆನೆಯೂ ಮಾಯ ಎಂದು ಗಂಡ ಹೊಗಳುತ್ತಾನೆ. ಹೊಗಳಿ ಹೊಗಳಿಯೇ ಕೆಲಸ ತೆಗೆಯುವ ಜಾತಿ ಅವನದು.

ಕ್ಯಾಮೆರಾದ ವಿಷಯದಲ್ಲಿ ಮಾತ್ರ ನಮ್ಮಿಬ್ಬರದು ಎತ್ತು ಏರಿಗೆ, ಕೋಣ ನೀರಿಗೆ. ಮರಳುಗಾಡಿನಲ್ಲಿ ಲೆನ್ಸ್ ಬದಲಾಯಿಸುವ ಹಾಗಿಲ್ಲ. ಬಿಚ್ಚಿದ ಒಂದು ಉಸಿರಿನ ಹೊತ್ತಿಗೇ ಹಿಟ್ಟಿನಂಥ ಮರಳು ಒಳಗೆ ಹೊಕ್ಕುಬಿಡುತ್ತದೆ, ಆಮೇಲೆ ತೆಗೆದ ಪ್ರತಿ ಫೋಟೋಗೂ ಮೊಡವೆ ಎದ್ದ ಹಾಗೆ ಕಲೆ. ನಮ್ಮದು ಒಂದೇ ಕ್ಯಾಮೆರಾ. ಅಂದರೆ ಬೆಳಿಗ್ಗೆ ಯಾವ ಲೆನ್ಸ್ ಹಾಕಿಕೊಂಡು ಹೊರಟೆವೋ ಕತ್ತಲಾಗುವವರೆಗೆ ಅದೇ ಗತಿ. ನಮ್ಮ ಹತ್ತಿರ ಮೊದಲಿಂದ ಇದ್ದದ್ದು ಉದ್ದನೆಯ ಝೂಮ್ ಲೆನ್ಸ್. ಎದುರು ದಿಣ್ಣೆಯಲ್ಲಿ ನಿಂತವರ ಕಣ್ಣಂಚಿನ ನೀರನ್ನೂ ಹತ್ತಿರಕ್ಕೆ ಎಳೆದು ತೋರಿಸುವಂಥದ್ದು. ಅದನ್ನು ಕೊಟ್ಟು ವೈಡ್ ಲೆನ್ಸ್ ತರುತ್ತೇನೆ, ಇಡೀ ಮರಳುಗಾಡು ಒಂದೇ ಫೋಟೋದಲ್ಲಿ ಬರಬೇಕು ಎಂದು ಗಂಡ ಹಟ ಹಿಡಿದ. ಕ್ಯಾಮೆರಾ ಅಂಗಡಿಯಲ್ಲೇ ಜಗಳವಾಯಿತು. ಅಂಗಡಿಯವನನ್ನು ಪೇಟೆಯಲ್ಲಿ ಎಲ್ಲರೂ ಗಾಜಣ್ಣ ಅನ್ನುತ್ತಾರೆ. ಅವನು ಎರಡನ್ನೂ ಮೆತ್ತನೆಯ ಬಟ್ಟೆಯ ಮೇಲಿಟ್ಟು, ಎರಡೂ ಒಳ್ಳೆಯವೇ, ನಿಮ್ಮ ನಿಮ್ಮ ಇಷ್ಟ ಎಂದು ಅಡ್ಡಗೋಡೆಯ ಮೇಲೆ ದೀಪವಿಟ್ಟ. ಮುಖವಿಲ್ಲದ ಮದುವೆ ಎಂಥ ಮದುವೆ ಎಂದು ನಾನು ಕೇಳಿದೆ.

"ಮುಖ ಯಾರ ಫೋನಲ್ಲಾದ್ರೂ ಬರುತ್ತೆ ಕಣೇ," ಅಂದ ಗಂಡ. "ಮರಳುಗಾಡು ಬರಲ್ಲ."

ಉದ್ದ ಲೆನ್ಸ್ ಗಾಜಣ್ಣನ ಕಪಾಟು ಸೇರಿತು. ವೈಡ್ ಲೆನ್ಸ್ ಹೊಸ ಸೊಸೆಯ ಹಾಗೆ ನಮ್ಮ ಮನೆ ತುಂಬಿತು. ಅದು ಬಂದ ಮೇಲೆ ಗಂಡ ಇನ್ನೊಂದು ನಿಯಮ ತಂದ. ನೆಂಟರೆಲ್ಲ ಫೋನು ಎತ್ತಿ ಹಿಡಿದರೆ ಫೋಟೋದ ತುಂಬ ಅವೇ ಕಾಣುತ್ತವಂತೆ. ಹಾಗಾಗಿ ಬಂದವರ ಫೋನೆಲ್ಲ ಒಂದು ಬುಟ್ಟಿಗೆ. ಬುಟ್ಟಿ ಕಾಯುವವಳು ನಾನು. ಮುಖ ಫೋನಲ್ಲಿ ಬರುತ್ತೆ ಅಂದವನೇ ಫೋನನ್ನೂ ಕಿತ್ತಿಟ್ಟ. ಇದನ್ನು ಯಾರ ಮುಂದೆ ಹೇಳಿಕೊಳ್ಳುವುದು.

ನರ್ಸ್ ಹುಡುಗಿಯ ಮದುವೆ ಆದದ್ದು ಆಮೇಲೆ. ಹುಡುಗನ ಕಡೆಯವರು ಎರಡು ಬಸ್ಸು ತುಂಬ ಬಂದಿದ್ದರು. ಅವಳ ಕಡೆ ಅಂತ ಆಸ್ಪತ್ರೆಯ ಒಂದಿಬ್ಬರು ಗೆಳತಿಯರು ಬಿಟ್ಟರೆ ನರಪಿಳ್ಳೆ ಇರಲಿಲ್ಲ. ಕಾರಣ ನನಗೆ ಆಮೇಲೆ ತಿಳಿಯಿತು. ತಾಯಿ ಹೋಗಿ ಬಹಳ ಕಾಲವಾಗಿತ್ತು. ಅಪ್ಪ ದರ್ಜಿ. ನೂಲಿನ ಧೂಳು ಕುಡಿದು ಕುಡಿದು ಸದಾ ಒಣಕೆಮ್ಮು ಕೆಮ್ಮುವ, ಮಾತು ಕಡಿಮೆಯ ಮನುಷ್ಯ. ಹುಡುಗನನ್ನು ಅವಳೇ ಆರಿಸಿಕೊಂಡಳು ಎಂದು, ನನ್ನ ಪಾಲಿಗೆ ನೀನಿಲ್ಲ ಅಂದುಬಿಟ್ಟಿದ್ದ. ಅವಳು ಆಸ್ಪತ್ರೆಯ ಹಾಸ್ಟೆಲ್ಲಿಗೆ ಹೋದ ಮೇಲೆ ಒಂದು ದಿನವೂ ಮಾತಾಡಿಸಲಿಲ್ಲ. ಮದುವೆಗೆ ಬನ್ನಿ ಎಂದು ಪಕ್ಕದ ಅಂಗಡಿಯವರ ಕೈಲಿ ಹೇಳಿಕಳಿಸಿದರೆ, ಹೊಲಿಗೆ ಬಾಕಿ ಇದೆ, ಬಿಡುವಿಲ್ಲ ಎಂಬ ಉತ್ತರ ಬಂದಿತ್ತು.

ಆ ಸಂಜೆ ನೆಂಟರನ್ನೆಲ್ಲ ಡೇರೆಯೊಳಗೆ ಊಟಕ್ಕೆ ಕೂರಿಸಿದ್ದರು. ಹೊರಗೆ ಬಂದು ಓಡಾಡಿದರೆ ಮರಳಿನ ಮೇಲೆ ಹೆಜ್ಜೆ ಬೀಳುತ್ತದಲ್ಲ, ಅದಕ್ಕೆ. ನಾನು ಬುಟ್ಟಿ ಮಡಿಲಲ್ಲಿಟ್ಟುಕೊಂಡು ಕೂತಿದ್ದೆ. ಬುಟ್ಟಿ ತುಂಬ ಕ್ಯಾಮೆರಾ, ಒಂದಕ್ಕೂ ಕಣ್ಣು ಬಿಡುವ ಭಾಗ್ಯವಿಲ್ಲ. ಹೊರಗಿನಿಂದ ಗಂಡನ ಮೈಕಿನ ದನಿ ಕೇಳುತ್ತಿತ್ತು. ಇಬ್ಬರೂ ಸೂರ್ಯನನ್ನೇ ನೋಡಿ, ತಿರುಗಬೇಡಿ, ತಿರುಗಬೇಡಿ ಎಂದು ಮತ್ತೆ ಮತ್ತೆ ಹೇಳುತ್ತಿದ್ದ.

ಫೋಟೋಗಳು ನನ್ನ ಮೇಜಿಗೆ ಬಂದಾಗ, ಮದುಮಕ್ಕಳ ಹಿಂದೆ, ದಿಣ್ಣೆಯ ತುದಿಯಲ್ಲಿ, ಕಂದು ಕೋಟಿನ ಒಂದು ಚುಕ್ಕೆ ಕಂಡಿತು. ಯಾವುದೋ ಜೀಪಿನ ಡ್ರೈವರ್ ಅಂದುಕೊಂಡೆ. ಅವನನ್ನು ಅಳಿಸಿದೆ, ಅವನ ಉದ್ದ ನೆರಳನ್ನೂ ಅಳಿಸಿದೆ, ಅವನು ನಡೆದು ಬಂದ ಹೆಜ್ಜೆಗಳನ್ನೂ ಒಂದೊಂದಾಗಿ ಮುಚ್ಚಿದೆ. ಆಲ್ಬಮ್ ನೋಡಿ ಹುಡುಗಿ ಎಷ್ಟು ಚೆನ್ನಾಗಿದೆ ಅಂದಳು.

ಕೆಲವು ವಾರ ಕಳೆದ ಮೇಲೆ ಒಂದು ಮಧ್ಯಾಹ್ನ ಅವಳೇ ಸ್ಟುಡಿಯೋಗೆ ಬಂದಳು. ಆಸ್ಪತ್ರೆಯ ಬಿಳಿ ಬಟ್ಟೆಯಲ್ಲೇ ಇದ್ದಳು. ಗಂಡ ಮುಂದಿನ ಕೋಣೆಯಲ್ಲಿ ಪುಟ್ಟ ರಬ್ಬರ್ ಬುರುಡೆ ಒತ್ತಿ ಒತ್ತಿ ಲೆನ್ಸಿನ ಧೂಳು ಊದುತ್ತಿದ್ದ. ಅವಳು ಚೀಲದಿಂದ ಒಂದು ಕಂದು ಕೋಟು ತೆಗೆದು, ಅದರ ಜೇಬನ್ನು ಮಗುಚಿ ನಮ್ಮ ಮೇಜಿನ ಮೇಲೆ ಕೊಡವಿದಳು. ಒಂದು ಚಿಟಿಕೆ ಕೆಂಪು ಮರಳು ಬಿತ್ತು.

ಅವಳ ಅಪ್ಪ ಹೊಲಿಗೆ ಯಂತ್ರದ ಮುಂದೆ ಕೂತಿದ್ದ ಹಾಗೇ ಹೋಗಿಬಿಟ್ಟಿದ್ದ. ಬಟ್ಟೆಬರೆ ತೆಗೆದಿಡುವಾಗ ಈ ಮರಳು ಸಿಕ್ಕಿತಂತೆ. ಅವನು ಒಳ್ಳೆಯ ದಿನಕ್ಕೆಂದು ತಾನೇ ಹೊಲಿದುಕೊಂಡಿದ್ದ ಕೋಟು ಅದು, ವರ್ಷಗಳಿಂದ ಪೆಟ್ಟಿಗೆಯಿಂದ ಹೊರಗೆ ಬಂದಿರಲಿಲ್ಲ. ಅವಳು ಮರಳುಗಾಡಿಗೆ ಹೋಗುವ ಜೀಪುಗಳನ್ನೆಲ್ಲ ವಿಚಾರಿಸಿದ್ದಳು. ಒಬ್ಬ ಡ್ರೈವರ್, ಹೌದು, ಅವರನ್ನು ಕರಕೊಂಡು ಹೋಗಿ ಕತ್ತಲಾಗುವ ಮೊದಲೇ ಅಲ್ಲಿಂದ ಹೊರಟು ನಡುರಾತ್ರಿಗೆ ವಾಪಸ್ಸು ತಂದು ಬಿಟ್ಟೆ ಅಂದಿದ್ದ. ಹಿಂದಿನ ಸೀಟಲ್ಲಿ ಕೂತಿದ್ದರು, ಒಂದು ಮಾತೂ ಆಡಲಿಲ್ಲ, ನಾನು ದಾರಿ ನೋಡುತ್ತಿದ್ದೆ, ಮುಖ ನೋಡಲಿಲ್ಲ ಎಂದೂ ಹೇಳಿದ್ದ.

"ಅಪ್ಪ ಬಂದಿದ್ರು, ಅದು ಗೊತ್ತು," ಅಂದಳು ಹುಡುಗಿ. "ನನ್ನ ನೋಡಿದಾಗ ಅವರ ಮುಖ ಹೇಗಿತ್ತು ಅಂತ ಗೊತ್ತಾಗ್ಬೇಕು. ಕೋಪ ಹೋಗಿತ್ತಾ ಇಲ್ವಾ ಅಂತ. ನಿಮ್ಮ ಫೋಟೋದಲ್ಲಿ ಬಿಟ್ರೆ ಇನ್ನೆಲ್ಲೂ ಇರೋಕೆ ಸಾಧ್ಯ ಇಲ್ಲ."

ಮುಚ್ಚುಮರೆ ನನಗೆ ಬರುವುದಿಲ್ಲ. ನಿಮ್ಮಪ್ಪನನ್ನು ನಾನೇ ಅಳಿಸಿದ್ದೇನೆ ಎಂದು ಹೇಳಿ, ಒಳಗೆ ಕರೆದುಕೊಂಡು ಹೋಗಿ ಅಸಲು ಫೋಟೋ ತೆರೆದೆ. ಎಡ ಭುಜ ಸ್ವಲ್ಪ ಕೆಳಗೆ ಇಳಿದ ಆ ಕಂದು ಚುಕ್ಕೆಯನ್ನು ನೋಡಿದ್ದೇ ಅವಳು ಅಪ್ಪ ಅಂದಳು. ಬಿಸಿಲು ಅವನ ಮುಖಕ್ಕೇ ನೇರವಾಗಿ ಬಿದ್ದಿತ್ತು. ಅಂಥ ಬೆಳಕಿಗಾಗಿ ಫೋಟೋದವರು ಹರಕೆ ಹೊರುತ್ತಾರೆ. ದೊಡ್ಡದು ಮಾಡಿದೆ. ಇನ್ನೂ ದೊಡ್ಡದು ಮಾಡಿದೆ. ಮನುಷ್ಯ ಹತ್ತಿರ ಬರುವ ಬದಲು ಕರಗುತ್ತಾ ಹೋದ. ಕೊನೆಗೆ ಮುಖದ ಜಾಗದಲ್ಲಿ ಉಳಿದದ್ದು ಕಂದು, ತಿಳಿಗಂದು, ಕಪ್ಪು ಬಣ್ಣದ ಒಂದು ಹಿಡಿ ಚೌಕಗಳು. ಅದರಲ್ಲಿ ಕಣ್ಣು ಯಾವುದು, ಬಾಯಿ ಯಾವುದು ಎಂದು ಬ್ರಹ್ಮನೂ ಹೇಳಲಾರ. ಹುಡುಗಿ ತನ್ನ ಉಸಿರು ಪರದೆಗೆ ತಾಗುವಷ್ಟು ಬಗ್ಗಿ ನೋಡಿದಳು. ಇನ್ನೂ ಸ್ವಲ್ಪ ಹತ್ತಿರ ಮಾಡಿ ಅಂದಳು. ಅದಕ್ಕಿಂತ ಹತ್ತಿರ ಇರಲಿಲ್ಲ.

ಗಂಡ ಬಾಗಿಲಲ್ಲಿ ನಿಂತು, ಅದು ವೈಡ್ ಲೆನ್ಸ್, ದೂರದವರು ಅಷ್ಟೇ ಬರೋದು ಎಂದು ವಿವರಿಸತೊಡಗಿದ. ನಾನು ಅವನ ಕಡೆ ತಿರುಗಿಯೂ ನೋಡಲಿಲ್ಲ. ನೋಡಿದ್ದರೆ ಅವಳ ಎದುರೇ ಬಾಯಿಗೆ ಬಂದದ್ದು ಅಂದುಬಿಡುತ್ತಿದ್ದೆ. ಅವನಿಗೂ ಒಳಗೊಳಗೆ ಚುಚ್ಚಿರಬೇಕು. ಮಸುಕಾದದ್ದನ್ನು ಸ್ಪಷ್ಟ ಮಾಡುವ ಹೊಸ ಪ್ರೋಗ್ರಾಮ್ ಬಂದಿದೆ, ನಿಮ್ಮಪ್ಪನ ಯಾವುದಾದರೂ ಗುರುತಿನ ಚೀಟಿಯ ಫೋಟೋ ಕೊಟ್ಟು ಹೋಗಿ, ನಾನು ಮಾಡಿಕೊಡುತ್ತೇನೆ ಎಂದ. ಅವಳು ಕೊಟ್ಟು ಹೋದಳು. ಹೋಗುವಾಗ ಮೇಜಿನ ಮೇಲಿದ್ದ ಮರಳನ್ನು ಬೆರಳಲ್ಲಿ ಒತ್ತಿ ಒತ್ತಿ ತೆಗೆದು ಮತ್ತೆ ಕೋಟಿನ ಜೇಬಿಗೇ ಹಾಕಿಕೊಂಡಳು.

ಪ್ರೋಗ್ರಾಮನ್ನು ನಡೆಸಿದ್ದು ನಾನೇ, ಗಂಡ ಹಿಂದೆ ನಿಂತಿದ್ದ. ಗುಂಡಿ ಒತ್ತಿದ ಕೂಡಲೇ ಆ ಚೌಕಗಳ ಜಾಗದಲ್ಲಿ ಮುಗುಳ್ನಗುವ ಮುದುಕನೊಬ್ಬ ಮೂಡಿದ. ಗುರುತಿನ ಫೋಟೋದವನ ಹಾಗೇ ಇದ್ದ, ಕಣ್ಣಲ್ಲಿ ಹೊಳಪು ಬೇರೆ. ನೋಡಿದೆಯಾ ಎಂದು ಗಂಡ ನನ್ನ ಭುಜ ತಟ್ಟಿದ. ನನಗೇಕೋ ಅನುಮಾನ. ಅದೇ ಫೋಟೋಗೆ ಇನ್ನೊಮ್ಮೆ ಒತ್ತಿದೆ. ಈ ಸಲದವನು ಕಣ್ಣು ತುಂಬಿಕೊಂಡಿದ್ದ. ಮತ್ತೊಮ್ಮೆ ಒತ್ತಿದೆ. ಹಲ್ಲು ಕಚ್ಚಿದ್ದ, ದವಡೆ ಉಬ್ಬಿತ್ತು. ಪ್ರೋಗ್ರಾಮಿಗೆ ಏನೂ ಕಾಣುತ್ತಿರಲಿಲ್ಲ. ಇಲ್ಲದ ಮುಖಕ್ಕೆ ಊರವರ ಮುಖವನ್ನೆಲ್ಲ ತಂದು ತೇಪೆ ಹಾಕುತ್ತಿತ್ತು.

ಇದನ್ನು ಕೊಡಬೇಡ ಅಂದೆ. ಗಂಡ ಕೇಳಲಿಲ್ಲ. ನಗುವವನನ್ನೇ ಕೊಟ್ಟರೆ ಯಾರ ಗಂಟು ಹೋಗುತ್ತದೆ, ಒಂದು ಹೆಣ್ಣು ನೆಮ್ಮದಿಯಾಗಿ ನಿದ್ದೆ ಮಾಡುತ್ತದೆ, ಸತ್ತವನು ಎದ್ದು ಬಂದು ತಕರಾರು ಮಾಡುತ್ತಾನೆಯೇ ಎಂದು ವಾದಿಸಿದ. ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ ಅನ್ನುತ್ತಾರೆ. ಆ ಜಗಳ ಉಂಡರೂ ಮುಗಿಯಲಿಲ್ಲ, ಮಲಗಿದರೂ ಮುಗಿಯಲಿಲ್ಲ. ಆದರೂ ಅವನು ನಗುವ ಮುಖವನ್ನು ಪ್ರಿಂಟ್ ಹಾಕಿ, ಚೌಕಟ್ಟು ಕಟ್ಟಿಸಿ, ತಾನೇ ಹೋಗಿ ಕೊಟ್ಟು ಬಂದ. ಬಾಗಿಲಲ್ಲೇ ನಿಂತು ಅತ್ತಳು, ಸಂತೋಷಕ್ಕೆ ಅತ್ತಳು ಎಂದು ಬಂದು ಹೇಳಿದ.

ಅವಳು ಮತ್ತೆ ಬಂದ ದಿನ ಗಂಡ ಇನ್ಯಾರದೋ ಮದುವೆಗೆ ಮರಳುಗಾಡಿಗೆ ಹೋಗಿದ್ದ. ಹುಡುಗಿಯ ಮುಖ ತಿಳಿಯಾಗಿತ್ತು, ಬಾಯಿ ತುಂಬ ಅಕ್ಕಾ ಎಂದು ಕರೆದಳು. ಚೌಕಟ್ಟನ್ನು ಟವೆಲಿನಲ್ಲಿ ಸುತ್ತಿ ತಂದಿದ್ದಳು. ಈಗ ನಿದ್ದೆ ಬರುತ್ತಿದೆ, ದಿನಾ ಡ್ಯೂಟಿಗೆ ಹೋಗುವ ಮೊದಲು ಅಪ್ಪನಿಗೆ ಹೇಳಿ ಹೋಗುತ್ತೇನೆ ಅಂದಳು. ಅವಳಿಗೆ ಇನ್ನೊಂದು ಆಸೆ ಹುಟ್ಟಿತ್ತು. ಅವತ್ತು ಕ್ಯಾಮೆರಾ ಒಂದರ ಹಿಂದೆ ಒಂದು ಫೋಟೋ ತೆಗೆದಿತ್ತಲ್ಲ, ಮುಂದಿನ ಫೋಟೋದಲ್ಲೂ ಅಪ್ಪ ಇರಬೇಕಲ್ಲ, ಬಹುಶಃ ಕೈ ಎತ್ತಿರಬಹುದು, ಅದನ್ನೂ ಹೀಗೇ ದೊಡ್ಡದು ಮಾಡಿಕೊಡಿ ಎಂದಳು.

ಅದು ಸರಿಯಾಗಿ ಬರುವುದಿಲ್ಲ ಅಂದೆ. ಇದು ಬಂದದ್ದು ಅದು ಯಾಕೆ ಬರುವುದಿಲ್ಲ ಎಂದು ಕೇಳಿದಳು. ನನ್ನ ಹತ್ತಿರ ಉತ್ತರ ಇತ್ತು, ಬಾಯಿ ಬರಲಿಲ್ಲ. ಊರಿಗೆಲ್ಲ ಬುದ್ಧಿ ಹೇಳುವ ಬಾಯಿ ಇದು. ಅವಳು ಸ್ಟೂಲು ಎಳೆದುಕೊಂಡು ಪಕ್ಕದಲ್ಲೇ ಕೂತಳು. ನಾನು ಫೋಟೋ ತೆರೆದು, ಗುಂಡಿ ಒತ್ತಿದೆ.

ಹುಬ್ಬು ಗಂಟಿಕ್ಕಿದ, ತುಟಿ ಬಿಗಿದ ಗಂಡಸೊಬ್ಬ ಪರದೆಯ ಮೇಲೆ ಬಂದ. ಅವಳು ಚೌಕಟ್ಟನ್ನು ನೋಡಿದಳು, ಪರದೆಯನ್ನು ನೋಡಿದಳು.

"ಇದು ಯಾರು?" ಅಂದಳು.

ಆಗ ಎಲ್ಲ ಹೇಳಿದೆ. ಒಂದನ್ನೂ ಬಿಡಲಿಲ್ಲ. ಗುಂಡಿ ಒತ್ತಿದಷ್ಟು ಸಲ ಒಬ್ಬೊಬ್ಬ ಅಪ್ಪ ಬರುತ್ತಾನೆ, ನೀನು ದಿನಾ ಹೇಳಿ ಹೋಗುವವನು ಅವರಲ್ಲೊಬ್ಬ ಎಂದೆ. ರೋಗಿಯ ಸ್ಥಿತಿ ಕೇಳಿಸಿಕೊಳ್ಳುವವರ ಹಾಗೆ ಅವಳು ಅಲುಗಾಡದೆ ಕೇಳಿಸಿಕೊಂಡಳು. ಇನ್ನೊಂದು ಸಲ ಒತ್ತಿ ಅಂದಳು. ಒತ್ತಿದೆ, ಅಳುವವನು ಬಂದ. ಮತ್ತೆ ಒತ್ತಿ ಅಂದಳು. ನಗುವವನು ಬಂದ. ಮತ್ತೆ ಅಂದಳು. ಈ ಸಲ ಬಂದವನ ಮುಖದಲ್ಲಿ ಏನೂ ಇರಲಿಲ್ಲ, ಬಸ್ಸಿಗೆ ಕಾಯುವವರ ಮುಖ. ಸಾಕು ಎಂದು ಅವಳೇ ನನ್ನ ಕೈ ಹಿಡಿದಳು.

ತಪ್ಪಾಯಿತು ಅನ್ನಲು ನೋಡಿದೆ. ಯಾವುದಕ್ಕೆಂದು ಅನ್ನುವುದು, ಮೊದಲು ಅಳಿಸಿದ್ದಕ್ಕೋ, ಆಮೇಲೆ ಬರೆದದ್ದಕ್ಕೋ.

"ಅವತ್ತು ದಿಣ್ಣೆ ಮೇಲೆ ಹಿಂದೆ ಯಾರೋ ಕೆಮ್ಮಿದ ಹಾಗಾಯ್ತು ಅಕ್ಕಾ," ಅಂದಳು ಹುಡುಗಿ. "ಅಪ್ಪನ ಕೆಮ್ಮು ನನಗೆ ಗೊತ್ತಾಗಲ್ವಾ? ತಿರುಗಬೇಕು ಅಂತಿದ್ದೆ. ಅಷ್ಟರಲ್ಲಿ ನಿಮ್ಮ ಯಜಮಾನ್ರು ಮೈಕಲ್ಲಿ ತಿರುಗಬೇಡಿ ಅಂದ್ರು. ಗಾಳಿ ಇರ್ಬೇಕು ಅಂದ್ಕೊಂಡು ಹಾಗೇ ನಿಂತ್ಕೊಂಡೆ."

ನಾನು ಪರದೆಯ ಮೇಲಿನವನನ್ನು ಮುಚ್ಚಿದೆ.

"ತಿರುಗಿಬಿಟ್ಟಿದ್ರೆ ನಿಮಗೆ ಏನಾಗ್ತಿತ್ತು?"

"ಒಂದು ಫೋಟೋ ಹಾಳಾಗ್ತಿತ್ತು."

"ಅಷ್ಟೇನಾ?"

"ಅಷ್ಟೇ," ಅಂದೆ.

ಅವಳು ಎದ್ದು ಟವೆಲನ್ನು ಮಡಚಿ ಚೀಲಕ್ಕೆ ಹಾಕಿಕೊಂಡಳು. ಚೌಕಟ್ಟನ್ನು ನನ್ನ ಮೇಜಿನ ಮೇಲೇ ಬಿಟ್ಟು, ಡ್ಯೂಟಿಗೆ ಹೊತ್ತಾಯಿತು ಎಂದು ಹೋದಳು.